ಭುಜಂಗಾಸನದಲ್ಲಿ ಕೈಯನ್ನು ಜ್ಯಾಕ್ ಮಾಡಬೇಡಿ ಮಾರಾಯ್ರೇ

ಕವುಚಿ ಮಲಗಿ ಹಾವಿನ ಹೆಡೆಯ ಹಾಗೆ ಎದೆ ಎತ್ತುವ ಭುಜಂಗಾಸನದ್ದು ಅಂತ ನೀವು ಗ್ರೂಪಿನಲ್ಲಿ ಹಾಕಿದ ಫೋಟೋ ನೋಡಿದೆ. ಎರಡೂ ಕೈ ಕಂಬದ ಹಾಗೆ ನೆಟ್ಟಗೆ, ಭುಜ ಕಿವಿಗೆ ತಾಗಿದೆ, ಹೊಕ್ಕುಳು ನೆಲದಿಂದ ಗೇಣುದ್ದ ಮೇಲೆ. ಕೆಳಗೆ "ಹತ್ತೇ ದಿನದಲ್ಲಿ ಇಷ್ಟು ಬಾಗಿತು, ಸೊಂಟ ಮಾತ್ರ ಸ್ವಲ್ಪ ನೋವು" ಅಂತ ಬರೆದಿದ್ದೀರಿ. ಆ ಸ್ವಲ್ಪ ನೋವು ನನಗೆ ಗೊತ್ತುಂಟು.

ಒಂದು ಆಟಿ ತಿಂಗಳು, ತುಳುವರ ಜಡಿಮಳೆಯ ತಿಂಗಳು. ಹೊರಗೆ ಮಳೆ, ವಾಕಿಂಗ್ ಇಲ್ಲ, ಚಾವಡಿಯಲ್ಲಿ ಇದೇ ಆಸನ ಶುರು ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ಓದುವಷ್ಟು ಮೇಲೆ ಏಳಬೇಕೆಂದು ಹಠ. ಎರಡನೇ ವಾರ ಬೆನ್ನಿನ ಬುಡದಲ್ಲಿ ಚಳಕ್ ಅಂತು. ಆಮೇಲೆ ಎಷ್ಟೋ ದಿನ ಪಡುಬಿದ್ರಿಯಿಂದ ಸುರತ್ಕಲ್‌ವರೆಗೆ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದವ ನಾನು. ಕೂತರೆ ಏಳ್ಲಿಕ್ಕೆ ಆಗುತ್ತಿರಲಿಲ್ಲ. ಕಂಡಕ್ಟರ್ ಮೊದಲೆರಡು ದಿನ ಕೂತ್ಕೊಳ್ಳಿ ಅಂದ, ಮತ್ತೆ ಬಿಟ್ಟ.

ವಿಷಯ ಇಷ್ಟೇ: ಪಕ್ಕೆಲುಬು ಹಿಡಿದಿಟ್ಟಿರುವ ಮೇಲ್ಬೆನ್ನಿನ 12 ಮಣಿಗಳು ಸುಲಭದಲ್ಲಿ ಹಿಂದೆ ಬಾಗುವುದಿಲ್ಲ, ಸೊಂಟದ 5 ಮಣಿಗಳು ಬಾಗುತ್ತವೆ. ಕೈ ಒತ್ತಿದರೆ ಅದರಲ್ಲೂ ತಳದ ಒಂದೆರಡೇ ಬಾಗಿಲಿನ ಬಿಜಾಗರಿಯ ಹಾಗೆ ಮಡಚುತ್ತವೆ. ಸೂರ್ಯನಮಸ್ಕಾರದಲ್ಲೂ ಇದೇ ಆಸನ ಬರುವುದು, 12 ಸಲ ಹಾಕಿದರೆ 12 ಸಲವೂ ಅದೇ ಬಿಜಾಗರಿ.

ನನಗೆ ಆಗಿಬಂದದ್ದು: ಮೊಣಕೈ ಪಕ್ಕೆಗೆ ಅಂಟಿಸಿ ಉಸಿರು ತೆಗೆದುಕೊಳ್ಳುತ್ತಾ ಎದೆ ಎತ್ತಿ. ಮೇಲೆ ಹೋದ ಮೇಲೆ ಅಂಗೈಯನ್ನು ನೆಲದಿಂದ ಒಂದು ಬೆರಳು ಎತ್ತಿ ನೋಡಿ. ಆಗ ಎದೆ ಕೆಳಗೆ ಇಳಿದದ್ದು ಎಷ್ಟೋ ಅದು ಕೈಯ ಎತ್ತರ, ಉಳಿದದ್ದು ನಿಮ್ಮ ಬೆನ್ನಿನದ್ದು. ನನಗೆ ಉಳಿದದ್ದು ನಾಲ್ಕೇ ಬೆರಳು, ನಾಚಿಕೆ ಆಯ್ತು. ಆ ನಾಲ್ಕು ಬೆರಳಲ್ಲೇ ಮೂರು ಉಸಿರು, ಐದು ಸಲ, ಒಂದು ತಿಂಗಳು. ಕಿಬ್ಬೊಟ್ಟೆ ನೆಲ ಬಿಡಬಾರದು, ದೃಷ್ಟಿ ಒಂದು ಮೊಳ ಮುಂದಿನ ನೆಲದ ಮೇಲೆ. ಆಕಾಶ ನೋಡ್ಲಿಕ್ಕೆ ಹೋಗಬೇಡಿ, ಕುತ್ತಿಗೆ ಹಿಡಿಯುತ್ತದೆ. ಮುಗಿದ ಮೇಲೆ ಶಶಾಂಕಾಸನ (ಮಂಡಿ ಮಡಚಿ ಕೂತು ಮುಂದೆ ಬಾಗಿ ಹಣೆ ನೆಲಕ್ಕೆ ತಾಗಿಸುವುದು) ತಪ್ಪಿಸಬೇಡಿ.

ಆದರೆ ಹರ್ನಿಯಾ ಇದ್ದವರು, ಬಸುರಿಯರು, ಹೊಟ್ಟೆಯ ಆಪರೇಷನ್ ಆಗಿ ಹೆಚ್ಚು ದಿನ ಆಗದವರು ಇದರ ಸುದ್ದಿಗೇ ಹೋಗಬೇಡಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ಇಲ್ಲಿ ವಾಯ್ಸ್ ಮೆಸೇಜ್ ಹಾಕುವುದಲ್ಲ, ಮೂಳೆ ಡಾಕ್ಟರ ಹತ್ತಿರ ಹೋಗುವುದು. ಸಂಜೆ ಹೊಟ್ಟೆ ತುಂಬ ಗೋಳಿಬಜೆ ತಿಂದು ಈ ಆಸನಕ್ಕೆ ಕವುಚಿ ಮಲಗುವವರಿಗೆ ಹೇಳಿ ಪ್ರಯೋಜನ ಇಲ್ಲ.

ಯೋಗಕ್ಕೆ ಯಾವ ಮ್ಯಾಟ್ ಅಂತಲೂ ಕೇಳಿದ್ದಿರಿ. ಆಫರಿನಲ್ಲಿ ಬರುವ ಹಾಸಿಗೆಯಂಥ ದಪ್ಪ ಎನ್‌ಬಿಆರ್ (ಮೆತ್ತನೆಯ ರಬ್ಬರ್ ಫೋಮ್) ಬೇಡ, ಅಂಗೈ ಹೂತುಹೋಗುತ್ತದೆ. 6 ಎಂಎಂ ದಪ್ಪದ ಟಿಪಿಇ (ರಬ್ಬರಿನಂಥ ಪ್ಲಾಸ್ಟಿಕ್) ಸಾಕು, ಯಾವ ಕಂಪೆನಿಯಾದರೂ. ನಮ್ಮ ಸೆಕೆಗೆ ಬೆವರಿ ಜಾರುತ್ತದೆ, ಮೇಲೊಂದು ಹಳೇ ಬೈರಾಸು (ಹತ್ತಿಯ ಟವಲು) ಹಾಸಿ. ಮಳೆಗಾಲದಲ್ಲಿ ಮ್ಯಾಟ್ ಒದ್ದೆ ಇರುವಾಗ ಸುತ್ತಿಟ್ಟರೆ ಬೂಸ್ಟು ಹಿಡಿಯುತ್ತದೆ, ಫ್ಯಾನಿನ ಕೆಳಗೆ ಹರಡಿ. ಅದೇ ಬೈರಾಸನ್ನು ಸುರುಳಿ ಸುತ್ತಿ ಮೇಲ್ಬೆನ್ನಿನ ಅಡಿಗೆ ಅಡ್ಡ ಇಟ್ಟು ಐದು ನಿಮಿಷ ಅಂಗಾತ ಮಲಗಿದರೆ ಆ ಹಠಮಾರಿ 12 ಮಣಿ ಸ್ವಲ್ಪ ಸಡಿಲ ಆಗುತ್ತವೆ.

ಒಂದು ವಾರ ಬಿಡುವು ಕೊಡಿ, ನೋವು ಪೂರ್ತಿ ಹೋದ ಮೇಲೆ ಅಂಗೈ ಎತ್ತಿದ ಫೋಟೋ ಹಾಕಿ. ಪಕ್ಕದಿಂದ ತೆಗೆಸಿ, ಎದುರಿನಿಂದ ತೆಗೆದರೆ ಸೊಂಟ ಕಾಣುವುದಿಲ್ಲ.