ಕಾವೇರಿಯ ಮಹಶೀರ್: ಒಂದೇ ಜಾತಿಯೋ, ಎರಡೋ?

ಪ್ರಶ್ನೆ: ಕಾವೇರಿಯ ಮಹಶೀರ್ ಮೀನುಗಳಲ್ಲಿ ಕೆಲವಕ್ಕೆ ನೀಲಿ ರೆಕ್ಕೆ, ಕೆಲವಕ್ಕೆ ಕಿತ್ತಳೆ. ಕೆಲವಕ್ಕೆ ತುಟಿಯೇ ದಪ್ಪ. ಎಲ್ಲವೂ ಒಂದೇ ಜಾತಿಯೇ?

ಉತ್ತರ: ತುಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ಜಾತಿಯಲ್ಲಿ ದಪ್ಪ ತುಟಿಯವೂ ಇರುತ್ತವೆ, ತೆಳು ತುಟಿಯವೂ ಇರುತ್ತವೆ. ರೆಕ್ಕೆ ಮತ್ತು ಬೆನ್ನಿನ ಮಾತು ಬೇರೆ. ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮೀನು ಟಾರ್ ರೆಮಾದೇವಿಯೈ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲ. 2007ರಲ್ಲಿ ಈ ಹೆಸರು ಪಡೆದದ್ದು ಕೇರಳದ ಪಾಂಬಾರ್ ಹೊಳೆಯ ಮೀನು. ಆ ಹೊಳೆಯ ನೀರೂ ಅಮರಾವತಿಯ ಮೂಲಕ ಕಾವೇರಿಗೇ ಬರುತ್ತದೆ. ನಮ್ಮ ಗೂನುಬೆನ್ನಿನ ಮೀನೂ ಅದೇ ಎಂದು ಡಿಎನ್‌ಎ, ದೇಹರಚನೆ ಎರಡನ್ನೂ ಹೋಲಿಸಿ ತೋರಿಸಿದ್ದು 2018ರಲ್ಲಿ. ಆ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ನೀಲಿ ರೆಕ್ಕೆಯದು ಟಾರ್ ಖುದ್ರಿ. ಮಹಾರಾಷ್ಟ್ರದ ಲೋಣಾವಳಾದಲ್ಲಿ ಬೆಳೆಸಿದ ಮರಿಗಳನ್ನು ನದಿಗೆ ಬಿಟ್ಟದ್ದರಿಂದ ಇಲ್ಲಿ ಹಬ್ಬಿತು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಡಿಎನ್‌ಎ ಮಾದರಿ ತೆಗೆಯುವುದು ಹೇಗೆ?

ಉತ್ತರ: ಮೊದಲು ಅನುಮತಿ, ಕಾವೇರಿ ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯದು. ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎಡಮಗ್ಗುಲಿನ ಫೋಟೊ ತೆಗೆಯಿರಿ. ಬಾಲದ ರೆಕ್ಕೆಯ ತುದಿಯಿಂದ ಸುಮಾರು 5 ಮಿ.ಮೀ. ಚೂರು ಕತ್ತರಿಸಿದರೆ ಸಾಕು, ಮೀನನ್ನು ವಾಪಸ್ ಬಿಡಬಹುದು. ಚೂರನ್ನು ಅದರ ಹತ್ತು ಪಟ್ಟು 95% ಎಥೆನಾಲ್‌ನಲ್ಲಿ ಹಾಕಿ, ಮರುದಿನ ಎಥೆನಾಲ್ ಬದಲಿಸಿ. ಅಂಗಾಂಶದ ನೀರು ಬೆರೆತು ಅದು ತೆಳುವಾಗಿರುತ್ತದೆ. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎ ಹಾಳಾಗುತ್ತದೆ. ಒಂದು ಮೀನಿಗೆ ಬಳಸಿದ ಕತ್ತರಿಯನ್ನು ಒರೆಸಿ, ಜ್ವಾಲೆಗೆ ಹಿಡಿಯದೆ ಇನ್ನೊಂದಕ್ಕೆ ಬಳಸಿದರೆ ಎರಡರ ಡಿಎನ್‌ಎ ಬೆರೆತು ಫಲಿತಾಂಶವೇ ಕೆಡುತ್ತದೆ.

ಇನ್ನೊಂದು ಮಾತು: ಜಾತಿ ಗುರುತಿಸಲು ನೋಡುವ ಸಿಒಐ ಜೀನ್ ಇರುವುದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ, ಅದು ತಾಯಿಯಿಂದ ಮಾತ್ರ ಬರುತ್ತದೆ. ಆದ್ದರಿಂದ ಅದೊಂದನ್ನೇ ನೋಡಿದರೆ ಮಿಶ್ರತಳಿಯ ಮರಿಯೂ ಶುದ್ಧ ತಾಯಿಯ ಜಾತಿಯಂತೆ ಕಾಣುತ್ತದೆ. ಬೆರಕೆ ಹಿಡಿಯಲು ಮೈಕ್ರೊಸ್ಯಾಟಲೈಟ್‌ನಂಥ (ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ತುಣುಕುಗಳು) ಕೋಶಕೇಂದ್ರದ ಗುರುತುಗಳೂ ಬೇಕು. ಪ್ರತಿ ತಾಣದಿಂದ ಸುಮಾರು 30 ಮೀನು ಸಿಕ್ಕರೆ ಹೋಲಿಕೆಗೆ ಅರ್ಥ ಬರುತ್ತದೆ.

ಪ್ರಶ್ನೆ: ಮರಿ ಕೇಂದ್ರದಲ್ಲಿ 20 ಹೆಣ್ಣಿಗೆ 2 ಗಂಡು ಸಾಲದೇ?

ಉತ್ತರ: ಮರಿ ಸಾಕಷ್ಟು ಬರುತ್ತವೆ, ವೈವಿಧ್ಯ ಬರುವುದಿಲ್ಲ. ವಂಶಕ್ಕೆ ನಿಜವಾಗಿ ಎಷ್ಟು ಮೀನಿನ ಬೆಲೆ ಎಂದು ತಿಳಿಯಲು ಗಂಡು-ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, 4ರಿಂದ ಮತ್ತೆ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ: 160 ಭಾಗಿಸು 22, ಅಂದರೆ ಸುಮಾರು 7. ಇಪ್ಪತ್ತೆರಡು ಮೀನು ಸಾಕಿದರೂ ವಂಶಕ್ಕೆ ಏಳರಷ್ಟೇ ಬೆಲೆ. ತಲಾ 10 ಇಟ್ಟರೆ ಅದೇ 20 ಆಗುತ್ತದೆ. ಹಲವು ಗಂಡುಗಳ ವೀರ್ಯವನ್ನು ಒಟ್ಟಿಗೆ ಬೆರೆಸಿ ಹಾಕಬೇಡಿ. ಬಲವಾದ ಒಂದೆರಡೇ ಬಹುಪಾಲು ಮೊಟ್ಟೆಗಳನ್ನು ಫಲಿಸಿಬಿಡುತ್ತವೆ. ಮೊಟ್ಟೆಗಳನ್ನು ಬೇರೆ ಬೇರೆ ಬಟ್ಟಲಿಗೆ ಹಂಚಿ, ಒಂದೊಂದಕ್ಕೆ ಒಂದೊಂದು ಗಂಡಿನದು ಹಾಕಿ.