ವೈನಿ, ಎಷ್ಟಾದ್ವು?

ಈ ವಾರ ಬಂದ ಒಂದು ಪತ್ರ ಓದಿ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರ ಮೈದುನನ ಮೇಲೆ.

ಬರೆದವರು ಧಾರವಾಡದ ಮಾಳಮಡ್ಡಿಯವರು. ವಯಸ್ಸು 37. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಸಾಫ್ಟ್‌ವೇರ್‌ನಲ್ಲಿ 13 ವರ್ಷ ಆಯಿತು. ಈಗ ಬೇರೆ ಕಂಪನಿಯಲ್ಲಿ ಸೀನಿಯರ್ ಇಂಜಿನಿಯರ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಉಳಿದಿರುವುದು ಮೂರು ವಾರ. ಇದಕ್ಕೆ ಮೊದಲು ಎರಡು ಕಡೆ ಪ್ರಯತ್ನಿಸಿ ಸಿಕ್ಕಿಲ್ಲ. ಎರಡೂ ಕಡೆ 'ಕಮ್ಯುನಿಕೇಷನ್ ಸಾಲದು' ಅಂದರಂತೆ. ಪುಣೆಯಲ್ಲಿರುವ ಮೈದುನ ಲೀಟ್‌ಕೋಡ್ ಅನ್ನುವ ಕೋಡಿಂಗ್ ಅಭ್ಯಾಸದ ವೆಬ್‌ಸೈಟಿನಿಂದ ಆರಿಸಿದ 300 ಪ್ರಾಬ್ಲಮ್‌ಗಳ ಪಟ್ಟಿ ಕಳಿಸಿದ್ದಾನೆ. ದಿನಾ ರಾತ್ರಿ ಅವನ ಮೆಸೇಜು: 'ವೈನಿ, ಎಷ್ಟಾದ್ವು?' ಇವರು ಬೆಳಗಿನ ನಾಲ್ಕೂವರೆಗೆ ಎದ್ದು, ಯಾರಿಗೂ ಎಚ್ಚರವಾಗದ ಹಾಗೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. 140 ಆಗಿವೆ. ಮೊದಲು ಮಾಡಿದ್ದೆಲ್ಲ ಮರೆತು ಹೋಗುತ್ತಿದೆ. 'ಬಿಟ್ಟುಬಿಡಲಾ? ಇಲ್ಲ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲಾ?' ಅಂತ ಕೇಳಿದ್ದಾರೆ.

ಎರಡೂ ಬೇಡ.

ಪತ್ರ ನಾಲ್ಕು ಪುಟ ಇದೆ. ಮೂರನೇ ಪುಟದಲ್ಲಿ ನೀವು ಅತ್ತೆಯವರ ಮೇಲೆ ದೂರು ಹೇಳುತ್ತಾ ಹೋಗಿದ್ದೀರಿ. ಅದರ ನಡುವೆ ಒಂದು ಸಾಲು: 'ಹೋದ ವರ್ಷ ನಮ್ಮ ಆ್ಯಪಿನಲ್ಲಿ ಗ್ರಾಹಕರ ದುಡ್ಡು ಎರಡೆರಡು ಸಲ ಕಟ್ ಆಗಿತ್ತು, ರಾತ್ರಿಯೆಲ್ಲ ಕೂತು ಸರಿ ಮಾಡಿದೆ, ಆಗಲೂ ಅತ್ತೆ ಹೀಗೇ ಗೊಣಗಿದ್ರು.' ಅದರ ಮುಂದಿನ ಸಾಲಿನಲ್ಲಿ ಮತ್ತೆ ಅತ್ತೆಯೇ.

ಅಲ್ರೀ, ಅದನ್ನು ಹಾಗೆ ದಾಟಿಕೊಂಡು ಹೋಗಿಬಿಟ್ಟಿರಲ್ಲ! ನಾನು ಈ ಅಂಕಣಕ್ಕೆ ಬರುವ ಮೊದಲು ಸಾಫ್ಟ್‌ವೇರ್‌ನಲ್ಲೇ ಇದ್ದವಳು. ಇಂಟರ್‌ವ್ಯೂ ಮಾಡುವವರ ಕುರ್ಚಿಯಲ್ಲೂ ಕೂತಿದ್ದೇನೆ. ಅಲ್ಲಿ ಕೂತವರು ಸೀನಿಯರ್ ಅಭ್ಯರ್ಥಿಯಿಂದ ಕೇಳಬೇಕು ಅಂತ ಕಾಯುವುದೇ ಇಂಥ ಸಂಗತಿಗಾಗಿ. 300 ಪ್ರಾಬ್ಲಮ್‌ಗಳನ್ನು ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗನೂ ಬಿಡಿಸಿ ಬರುತ್ತಾನೆ. ದುಡ್ಡು ಎರಡು ಸಲ ಕಟ್ ಆದ ರಾತ್ರಿ ಎಚ್ಚರವಿದ್ದು, ಏನು ಮಾಡಬೇಕು ಅಂತ ತೀರ್ಮಾನ ತಗೊಂಡವರು ನೀವು.

ವಿವರ ನೀವು ಬರೆದಿಲ್ಲ. ಆದರೆ ಇಂಥದ್ದು ಸಾಮಾನ್ಯವಾಗಿ ಹೀಗೆ ಆಗುತ್ತದೆ. ಗ್ರಾಹಕ 'ಪೇ' ಒತ್ತುತ್ತಾನೆ. ಸರ್ವರ್ ಬ್ಯಾಂಕಿಗೆ ಹೇಳಿ ದುಡ್ಡು ಕಟ್ ಮಾಡಿಸುತ್ತದೆ. ಆದರೆ ಉತ್ತರ ವಾಪಸ್ ಬರುವುದು ತಡವಾಗುತ್ತದೆ. ಆ್ಯಪ್ ಕಾದು ಕಾದು, ಕೆಲಸ ಆಗಿಲ್ಲ ಅಂದುಕೊಂಡು ತಾನೇ ಇನ್ನೊಮ್ಮೆ ಕಳಿಸುತ್ತದೆ. ಸರ್ವರ್‌ಗೆ ಅದು ಹೊಸ ಪಾವತಿ. ಮತ್ತೆ ಕಟ್. ಇದಕ್ಕೆ ಮದ್ದು ಐಡೆಂಪೊಟೆನ್ಸಿ ಕೀ. ಗ್ರಾಹಕ ಒಂದು ಸಲ ಒತ್ತಿದ್ದಕ್ಕೆ ಒಂದೇ ಗುರುತು ಸಂಖ್ಯೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ದುಡ್ಡು ಮುಟ್ಟಬೇಡ, ಹಳೆ ಉತ್ತರವನ್ನೇ ಕೊಡು. ನೀವೂ ಹೆಚ್ಚು ಕಡಿಮೆ ಇದನ್ನೇ ಮಾಡಿರುತ್ತೀರಿ, ಅಲ್ವಾ?

ಈಗ ಎದುರಿಗೆ ಕೂತವರು ಏನೇನು ಕೇಳುತ್ತಾರೆ ನೋಡಿ. ತೊಂದರೆ ಮೊದಲು ಕಣ್ಣಿಗೆ ಬಿದ್ದದ್ದು ಹೇಗೆ, ಸರ್ವರ್ ಬರೆದಿಡುವ ದಾಖಲೆ, ಅಂದರೆ ಲಾಗ್ ನೋಡಿಯೋ ಗ್ರಾಹಕರ ಫೋನ್ ಬಂದೋ? ಆ ಹೊತ್ತಿಗೆ ಪಾವತಿಯನ್ನೇ ಪೂರ್ತಿ ನಿಲ್ಲಿಸಿದಿರಾ, ಇಲ್ಲ ಮರುಪ್ರಯತ್ನವನ್ನು ಮಾತ್ರ ನಿಲ್ಲಿಸಿದಿರಾ? ಯಾಕೆ? ಆ ಗುರುತು ಸಂಖ್ಯೆಯನ್ನು ಎಲ್ಲಿ ಇಟ್ಟಿರಿ? ರೆಡಿಸ್‌ನಂಥ ಕ್ಯಾಶ್‌ನಲ್ಲಿ, ಅಂದರೆ ಬೇಗ ಸಿಗಲಿ ಅಂತ ಮೆಮೊರಿಯಲ್ಲೇ ಇಡುವ ತಾತ್ಕಾಲಿಕ ಜಾಗದಲ್ಲಿ ಇಟ್ಟರೆ ವೇಗ ಜಾಸ್ತಿ. ಆದರೆ ಮೆಮೊರಿ ತುಂಬಿದಾಗ ಅದು ಹಳೆಯ ಕೀಗಳನ್ನು ಅಳಿಸುವ ಹಾಗೆ ಹೊಂದಿಸಿದ್ದರೆ, ಅಳಿಸಿದ್ದು ನಿಮ್ಮ ಕೀಯೇ ಆಗಿದ್ದರೆ, ಮತ್ತೆ ಎರಡು ಸಲ ಕಟ್. ಡೇಟಾಬೇಸ್‌ನಲ್ಲಿ ಒಂದೇ ಸಂಖ್ಯೆ ಎರಡು ಸಲ ಸೇರದ ಹಾಗೆ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ ಇಟ್ಟರೆ ಸ್ವಲ್ಪ ನಿಧಾನ, ಆದರೆ ಭದ್ರ. ದುಡ್ಡಿನ ವಿಷಯದಲ್ಲಿ ಆ ನಿಧಾನ ನನಗೆ ಒಪ್ಪಿಗೆ. ನಿಮಗೆ? ಇನ್ನು ಮೊದಲನೆಯ ಪಾವತಿ ಮುಗಿಯುವ ಮೊದಲೇ ಎರಡನೆಯದು ಬಂದು ನಿಂತರೆ? 'ನಡೆಯುತ್ತಿದೆ' ಅಂತ ಮೊದಲೇ ಬರೆದಿಟ್ಟುಕೊಂಡಿದ್ದಿರಾ? ಕಟ್ ಆದ ದುಡ್ಡನ್ನು ಯಾರ್‍ಯಾರಿಗೆ ವಾಪಸ್ ಕೊಡಬೇಕು ಅಂತ ಬ್ಯಾಂಕಿನ ಲೆಕ್ಕದ ಜತೆ ತಾಳೆ ನೋಡಿದ್ದು ಯಾರು?

ಇಡೀ ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ ಅಂತ ಕೇಳುವ ಸಿಸ್ಟಮ್ ಡಿಸೈನ್ ಸುತ್ತು ಅಂತ ಹೆದರುತ್ತೀರಲ್ಲ, ಅದರ ತುಂಬ ಇಂಥ ಪ್ರಶ್ನೆಗಳೇ. ಪ್ರಾಜೆಕ್ಟ್ ಬಗ್ಗೆ ಕೇಳುವ ಸುತ್ತಿನಲ್ಲೂ ಇವೇ. ಉತ್ತರ ನಿಮ್ಮಲ್ಲಿದೆ, ಪಟ್ಟಿಯಲ್ಲಿ ಇಲ್ಲ.

ಸಿಸ್ಟಮ್ ಎಷ್ಟು ಭಾರ ತಾಳಬೇಕು ಅನ್ನುವ ಲೆಕ್ಕವನ್ನೂ ಇದರ ಜತೆಗೇ ಕಟ್ಟಿಕೊಳ್ಳಿ. ದಿನಕ್ಕೆ 86,400 ಸೆಕೆಂಡು. ದಿನಕ್ಕೆ 10 ಲಕ್ಷ ಪಾವತಿ ಅಂದರೆ ಸರಾಸರಿ ಸೆಕೆಂಡಿಗೆ 12ರ ಹತ್ತಿರ. ಕೇಳಿದಾಗ ದೊಡ್ಡದು ಅನ್ಸುತ್ತೆ, ಬಿಡಿಸಿದರೆ ಒಂದು ಒಳ್ಳೆ ಡೇಟಾಬೇಸ್ ತಾಳಿಕೊಳ್ಳುವಷ್ಟೇ. ಸಂಬಳದ ದಿನ ಎಷ್ಟು ಪಟ್ಟು ಏರುತ್ತದೆ ಅನ್ನುವುದು ನಿಮಗೇ ಗೊತ್ತು. 99.99 ಪರ್ಸೆಂಟ್ ಸಮಯ ನಡೀತಾ ಇರಬೇಕು ಅಂದರೆ ಇಡೀ ವರ್ಷದಲ್ಲಿ ನಿಲ್ಲಬಹುದಾದದ್ದು ಸುಮಾರು 52 ನಿಮಿಷ. ಆ ರಾತ್ರಿ ನೀವು ಪಾವತಿಯನ್ನು ಬೆಳಗಿನ ತನಕ ಪೂರ್ತಿ ನಿಲ್ಲಿಸಿದ್ದರೆ ವರ್ಷದ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಇದನ್ನು ನೀವಾಗಿಯೇ ಹೇಳಿದರೆ ಎದುರಿನವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಇನ್ನು 'ಕಮ್ಯುನಿಕೇಷನ್'. ಅದು ಇಂಗ್ಲಿಷ್ ಬಗ್ಗೆ ಹೇಳಿದ ಮಾತು ಅಂತ ನಿಮಗೆ ಯಾರು ಹೇಳಿದರು? ಮೈದುನನೇ ಇರಬೇಕು. ದಿನಾ ಎರಡು ತಾಸು ಬಾಯಿ ಮುಚ್ಚಿಕೊಂಡು ಅಭ್ಯಾಸ ಮಾಡಿದರೆ ಇಂಟರ್‌ವ್ಯೂನಲ್ಲೂ ಬಾಯಿ ಮುಚ್ಚೇ ಇರುತ್ತದೆ. ಪ್ರಶ್ನೆ ಕೇಳಿದ ತಕ್ಷಣ ನೀವು ತಲೆ ತಗ್ಗಿಸಿ ಟೈಪ್ ಮಾಡೋಕೆ ಶುರು ಮಾಡಿರುತ್ತೀರಿ. ಆ ಕಡೆಯವರು ಐದು ನಿಮಿಷ ಸುಮ್ನೆ ನಿಮ್ಮ ಹಣೆ ನೋಡುತ್ತಾ ಕೂತಿರುತ್ತಾರೆ. ಆಮೇಲೆ ಅವರೊಂದು ವರದಿ ಬರೆಯಬೇಕು, ಬರೆಯೋಕೆ ಅವರ ಹತ್ತಿರ ಏನೂ ಇರುವುದಿಲ್ಲ. ಮುರುಕು ಇಂಗ್ಲಿಷ್ ಆದರೂ ಪರವಾಗಿಲ್ಲ, ಯೋಚನೆ ಕೇಳಿಸಬೇಕು. ಕೋಡಿಂಗ್ ಸುತ್ತಿನಲ್ಲೂ ಅಷ್ಟೇ. ಇನ್‌ಪುಟ್ ಖಾಲಿ ಇರಬಹುದೇ, ಎಷ್ಟು ದೊಡ್ಡದಿರಬಹುದು ಅಂತ ಮೊದಲು ಕೇಳಿ. ಕೀ ಕೊಟ್ಟ ಕೂಡಲೇ ಹುಡುಕಿಕೊಡುವ ಹ್ಯಾಶ್ ಮ್ಯಾಪ್ ಯಾಕೆ, ಸಾಲಾಗಿ ಜೋಡಿಸುವ ಸಾರ್ಟಿಂಗ್ ಯಾಕೆ ಬೇಡ ಅಂತ ಹೇಳುತ್ತಾ ಬರೆಯಿರಿ. ಮಾಡಿದ 140ರಲ್ಲೇ ಮತ್ತೆ ಮತ್ತೆ ಕೈಯಾಡಿಸಿ. ಅರೇ, ಟ್ರೀ, ಗ್ರಾಫ್, ಬೈನರಿ ಸರ್ಚ್‌ನಂಥ ಕೋಡಿಂಗ್‌ನ ಮೂಲ ಪಾಠಗಳು ಕೈಗೆ ಕೂತಿದ್ದರೆ ಸಾಕು. ಹೊಸದು ಒಂದೂ ಬೇಡ.

ಮೈದುನನ ವಿಷಯ. ಮೊದಲೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಸಂಬಂಧಿಕರ ವಾಟ್ಸಾಪ್ ಸಲಹೆಯನ್ನು ರಾತ್ರಿ ಊಟದ ಮೇಲೆ ಓದಬಾರದು. ಪಟ್ಟಿ ಕಳಿಸೋಕೆ ಅವನಿಗೆ ಒಂದು ನಿಮಿಷ ಹಿಡಿದಿರಬಹುದು. 'ಇಷ್ಟು ವರ್ಷ ಆದ ಮ್ಯಾಲೆ ಕಷ್ಟ ಐತ್ರಿ ವೈನಿ' ಅಂತ ಬೇರೆ ಅಂದನಂತೆ. ಅವನನ್ನು ಮ್ಯೂಟ್ ಮಾಡಿ. ಬ್ಲಾಕ್ ಬೇಡ, ದೀಪಾವಳಿಗೆ ಮನೆಗೆ ಬರುತ್ತಾನೆ.

ನಿಮ್ಮ ಯಜಮಾನರು ಇಡೀ ಪತ್ರದಲ್ಲಿ ಒಂದೇ ಸಲ ಬಂದಿದ್ದಾರೆ, ಅದೂ ಗೊರಕೆ ಹೊಡೆಯುತ್ತಾ. ಅವರ ಬಗ್ಗೆ ಇನ್ನೊಂದು ವಾರ ನೋಡೋಣ.

ನಿಮ್ಮ ಪತ್ರದಲ್ಲಿ ಸರಿಯಾದ ಮಾತು ಆಡಿದವರು ಅತ್ತೆಯವರೊಬ್ಬರೇ. 'ಏನವಾ, ಪಿಯುಸಿ ಪರೀಕ್ಷೆ ಬರ್‍ಯಾಕ ಹೊಂಟೀಯೇನು? ಹೋಗಿ ಮಲ್ಕೋ' ಅಂದರಂತೆ. ಅದನ್ನು ನೀವು ಕುಹಕ ಅಂದುಕೊಂಡಿದ್ದೀರಿ. ನನಗೆ ಹಾಗೆ ಕೇಳಿಸಲಿಲ್ಲ. ನಾಲ್ಕೂವರೆಗೆ ಎದ್ದವರಿಗೆ ಮಧ್ಯಾಹ್ನದ ಇಂಟರ್‌ವ್ಯೂನಲ್ಲಿ ತಲೆ ಓಡಲ್ಲ. ಆರು ಗಂಟೆಗೆ ಏಳಿ.

ಅವರ ಬಗ್ಗೆ ಇನ್ನೊಂದು ವಿಷಯವನ್ನೂ ನೀವು ಹೋಗ್ತಾ ಹೋಗ್ತಾ ಬರೆದಿದ್ದೀರಿ: ಹುಬ್ಬಳ್ಳಿಯಲ್ಲಿ ಪೋಸ್ಟ್ ಆಫೀಸಿನ ಕೌಂಟರ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಜನರ ದುಡ್ಡು ಎಣಿಸಿ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿ, ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋಗದ ಮನುಷ್ಯರು. ದುಡ್ಡು ಎರಡು ಸಲ ಕಟ್ ಆದ ಕಥೆ ಅವರಿಗೆ ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು?

ನಾನು ಹೇಳುವ ಕೆಲಸ ಒಂದೇ. ಈ ಭಾನುವಾರ ಊಟ ಆದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಅತ್ತೆಯವರ ಎದುರು ಕೂತು ಆ ರಾತ್ರಿಯ ವಿಷಯವನ್ನು ಮೊದಲಿಂದ ಕೊನೆವರೆಗೂ ಹೇಳಿ. ದೊಡ್ಡ ದನಿಯಲ್ಲಿ, ನಮ್ಮ ಭಾಷೆಯಲ್ಲೇ. ನಡುವೆ ಅವರು 'ಎರಡಕ್ಕೂ ರಶೀದಿ ನಂಬರ್ ಒಂದೇ ಇತ್ತೋ ಬ್ಯಾರೆ ಇತ್ತೋ?' ಅಂತ ಕೇಳೇ ಕೇಳುತ್ತಾರೆ. ಐಡೆಂಪೊಟೆನ್ಸಿ ಕೀ ವಿವರಿಸೋಕೆ ಅದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ? ಉತ್ತರ ಬಾರದ ಪ್ರಶ್ನೆಗಳನ್ನು ಪೆನ್ನಿನಲ್ಲಿ ಹಾಳೆ ಮೇಲೆ ಬರೆದುಕೊಳ್ಳಿ, ಸೋಮವಾರ ಆ ತೊಂದರೆಯನ್ನು ದಾಖಲಿಸಿದ ಹಳೆ ಟಿಕೆಟ್ಟು, ಮೇಲ್ ತೆಗೆದು ನೋಡಿ. ಮಂಗಳವಾರ ಮತ್ತೆ ಹೇಳಿ, ಈ ಸಲ ಹತ್ತು ನಿಮಿಷದೊಳಗೆ. ಆಮೇಲೆ ಇಂಗ್ಲಿಷ್‌ನಲ್ಲಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಈಗಿನ ಕಂಪನಿಯ ಗ್ರಾಹಕರ ಹೆಸರು, ಒಳಗಿನ ಲೆಕ್ಕ ಮಾತ್ರ ಎಲ್ಲೂ ಬಾಯಿಗೆ ಬರಬಾರದು. ಮೂರು ವಾರ ಇದನ್ನೇ ಮಾಡಿ. ಇಂಟರ್‌ವ್ಯೂ ದಿನ ಫೋನ್ ಪೂರ್ತಿ ಚಾರ್ಜ್ ಆಗಿ ಪಕ್ಕದಲ್ಲಿರಲಿ, ಕರೆಂಟ್ ಹೋದರೆ ಹಾಟ್‌ಸ್ಪಾಟ್ ಬೇಕಾಗುತ್ತದೆ.