ನಮ್ಮ ಹಿತ್ತಲಿನ ಕಿಂಡಿ

ಸಿನಿಮಾದಲ್ಲೋ ಕಥೆಯಲ್ಲೋ ಕಂಡ ದೃಶ್ಯ ನಿಮ್ಮ ಮನೆಯಲ್ಲೇ ನಡೆದು ನಗು ಬಂದದ್ದಿದೆಯಾ ಅಂತ ಕೇಳಿದ್ದೀರಿ. ಇದೆ. ನಮ್ಮದು ಚಿತ್ರದುರ್ಗ, ಕೋಟೆಯ ಬುಡದಲ್ಲೇ ಮನೆ. ಹಾಗಾಗಿ ನಡೆದದ್ದೂ ಓಬವ್ವನ ಕಥೆಯೇ.

ದುರ್ಗದ ಮಕ್ಕಳಿಗೆ ಈ ಕಥೆ ಅಕ್ಷರಕ್ಕಿಂತ ಮುಂಚೆ ಗೊತ್ತಿರುತ್ತೆ. ಹೊರಗಿನವರ ಕಣ್ಣಲ್ಲಿ ಅದು ನಿಂತದ್ದು 1972ರ ‘ನಾಗರಹಾವು’ ಸಿನಿಮಾದಿಂದ. ಪುಟ್ಟಣ್ಣ ಕಣಗಾಲರು ಒಂದೇ ಹಾಡಿನಲ್ಲಿ ಇಡೀ ಪ್ರಸಂಗ ತೋರಿಸಿದರು, ಜಯಂತಿ ಓಬವ್ವ ಆದರು. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲಿನ ಕಹಳೆ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ತಾನೆ. ಕುಡಿಯೋಕೆ ನೀರಿಲ್ಲ. ಹೆಂಡತಿ ಕೊಡ ಹಿಡಿದು ಹೋದವಳಿಗೆ ಕಿಂಡಿಯಲ್ಲಿ ಸದ್ದು ಕೇಳುತ್ತೆ. ಮುಂದಿನದು ನಿಮಗೆ ಗೊತ್ತು: ಕಿಂಡಿಯಲ್ಲಿ ತಲೆ ಹಾಕಿದ ಒಬ್ಬೊಬ್ಬ ಸೈನಿಕನನ್ನೂ ಓಬವ್ವ ಒನಕೆಯಿಂದ ಹೊಡೀತಾಳೆ, ಗಂಡ ಬಂದು ಕಹಳೆ ಊದ್ತಾನೆ.

ನಾನು ಪಿಯುಸಿ ಓದುವಾಗ ನಮ್ಮಪ್ಪ ಒಂದು ಹತ್ತಿ ಮಿಲ್ಲಿನಲ್ಲಿ ವಾಚ್‌ಮನ್. ದಸರಾ ರಜೆ. ಹಿತ್ತಲ ತುಂಬ ಶೇಂಗಾ ಒಣಹಾಕಿದ್ವಿ. ಅಪ್ಪ ಊಟಕ್ಕೆ ಬಂದು ಮುದ್ದೆ ಮುರಿದರು, ಹುರುಳಿಕಾಳು ಸಾರು ಖಾರ, ಬಿಂದಿಗೆ ಎತ್ತಿದರೆ ಖಾಲಿ. ಅವತ್ತು ನಲ್ಲಿ ಬಂದಿರಲಿಲ್ಲ. ಅವ್ವ ಪ್ಲಾಸ್ಟಿಕ್ ಕೊಡ ಹಿಡಿದು ಮನೆ ಹಿಂದೆ, ಕಾಂಪೌಂಡಿನ ಆಚೆಗಿನ ಸಿಸ್ಟನ್ನಿಗೆ, ಅಂದರೆ ನಲ್ಲಿ ಹಾಕಿದ ನೀರಿನ ಟ್ಯಾಂಕಿಗೆ, ಹೋದಳು. ಕೊಡ ಇಟ್ಟು ನಲ್ಲಿ ತಿರುಗಿಸಿದ್ದಾಳೆ, ಕಾಂಪೌಂಡಿನಿಂದ ಕರಕರ ಸದ್ದು. ಮಳೆಗಾಲದಲ್ಲಿ ಎರಡು ಕಲ್ಲು ಬಿದ್ದು ಅಲ್ಲೊಂದು ಕಂಡಿ ಆಗಿತ್ತು. ಅದರಲ್ಲಿ ಒಂದು ಮೇಕೆಯ ಹಿಂಭಾಗ ಒಳಗೆ ಹೋಗ್ತಾ ಇದೆ, ಹಿಂದೆ ಇನ್ನಾರು ಸಾಲುಗಟ್ಟಿ ನಿಂತಿವೆ.

ಅವ್ವ ಸುತ್ತಿ ಬಂದವಳೇ ಬಾಗಿಲ ಮೂಲೆಯ ಒನಕೆ ಎಳೆದುಕೊಂಡಳು. ಖಾರದಪುಡಿ ಕುಟ್ಟೋ ಒನಕೆ. ತುದಿಯ ಕಬ್ಬಿಣದ ಅಣಸು ಸವೆದು ಬೆಳ್ಳಗೆ ಹೊಳೀತಿತ್ತು, ಸಂದಿಯಲ್ಲಿ ಇನ್ನೂ ಕೆಂಪು ಪುಡಿ. ಒಂದು ಮೇಕೆಗೂ ಹೊಡೆಯಲಿಲ್ಲ. ಕಂಡಿಯ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಳು. ಮೇಕೆ ತಲೆ ಹಾಕಿ, ಹೆಗಲು ತೂರಿಸಿ ಒಳಗೆ ಬರುತ್ತಲೇ ಕಿವಿ ಹಿಡಿದು ಎಳೆದು ನನ್ನ ಕೈಗೆ ಕೊಡೋದು, ನಾನು ಬಚ್ಚಲುಮನೆಗೆ ತಳ್ಳಿ ಚಿಲಕ ಹಾಕೋದು. ಹಿಂದಿನದಕ್ಕೆ ಮುಂದಿನದು ಏನಾಯ್ತು ಅಂತ ಕಾಣಲ್ಲ, ಅದೂ ತಲೆ ಹಾಕುತ್ತೆ. ನಾಲ್ಕು ಹೀಗೇ ಬಂದವು. ಐದನೆಯದು ತಲೆ ಹಾಕುವ ಮುಂಚೆ ಒನಕೆ ಅಡ್ಡ ಇಟ್ಟು ಕಂಡಿ ಮುಚ್ಚಿದಳು.

ಕೋಟೆಯ ಕಿಂಡಿಯಲ್ಲಿ ತೂರಿ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತೆ. ಎರಡು ಬಂಡೆಗಳ ನಡುವಿನ ಬಿರುಕು ಅದು. ಬಗ್ಗಿಯೇ ಹೋಗಬೇಕು, ತಲೆ ಮೊದಲು ಕೊಡಬೇಕು. ಒಳಗಿರುವವರೆಗೆ ಎಡಬಲ ಕಾಣಲ್ಲ, ಕೈ ಎತ್ತೋಕೆ ಜಾಗ ಇಲ್ಲ. ಒಬ್ಬಳೇ ಹೆಂಗಸು ಸೈನ್ಯ ತಡೆದದ್ದು ಹೇಗೆ ಅಂತ ಅನುಮಾನ ಪಡುವವರು ಒಮ್ಮೆ ಅಲ್ಲಿ ನುಸುಳಿ ಬರಬೇಕು. ನನಗಂತೂ ಆ ಅನುಮಾನ ಮೇಕೆಗಳಿಂದಲೇ ಹೋಯ್ತು.

ಅಷ್ಟರಲ್ಲಿ ಅಪ್ಪ ಮುದ್ದೆ ಮೆತ್ತಿದ ಕೈಯಲ್ಲೇ ಹೊರಗೆ ಬಂದರು. ಕೊರಳಲ್ಲಿ ಮಿಲ್ಲಿನ ಸೀಟಿ ಹಾಗೇ ಇತ್ತು. ಎಡಗೈಯಲ್ಲಿ ಹಿಡಿದು ಜೋರಾಗಿ ಊದಿದರು. ಗುಡ್ಡದ ಕಡೆಯಿಂದ ಮೇಕೆ ಕಾಯೋ ಹುಡುಗ ಓಡಿಬಂದ. ಆಗ ಅಜ್ಜಿ ಜಗಲಿಯಿಂದ ಕೂಗಿದಳು: “ಕಹಳೇನೂ ಊದಿದ್ಯಲ್ಲೋ ಮಗನೇ, ಇನ್ನೇನು ಬಾಕಿ ಐತೆ?”

ಅಲ್ಲೀವರೆಗೆ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಅವ್ವ ಒನಕೆ ಹಿಡಿದುಕೊಂಡೇ ಕೂತು ಕಣ್ಣಲ್ಲಿ ನೀರು ಬರೋವರೆಗೆ ನಕ್ಕಳು.

ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತೀವಲ್ಲ, ಇದು ಅಷ್ಟೇ ಅಲ್ಲ ಅನಿಸುತ್ತೆ ನನಗೆ. ಆ ಕಥೆಯಲ್ಲಿ ಕತ್ತಿ ಗುರಾಣಿಗಿಂತ ಮನೆ ಸಾಮಾನೇ ಜಾಸ್ತಿ: ಊಟದ ಹೊತ್ತು, ಖಾಲಿ ಬಿಂದಿಗೆ, ಕೊಡ, ಒನಕೆ. ಮಧ್ಯಾಹ್ನ ನಮ್ಮ ಕೇರಿಯ ಯಾವ ಮನೆಗೆ ಹೋದರೂ ಇಷ್ಟೂ ಸಿಗ್ತಿತ್ತು. ಗೋಡೆ ಬಿದ್ದದ್ದು, ಮೇಕೆ ಬಂದದ್ದು ಮಾತ್ರ ಹೊಸದು.

ಹುಡುಗ ಮೇಕೆ ಎಣಿಸಿಕೊಂಡು ಹೋದ ಮೇಲೆ ಅಪ್ಪ ಮತ್ತೆ ತಟ್ಟೆ ಮುಂದೆ ಕೂತು, “ನೀರು?” ಅಂದರು. ಓಬವ್ವನ ಕೊಡ ಏನಾಯ್ತು ಅಂತ ಯಾರೂ ಹೇಳಲ್ಲ. ನಮ್ಮದನ್ನು ತರೋಕೆ ನಾನು ಓಡಿದೆ. ಪಕ್ಕದ ಮನೆ ಚಿಗವ್ವ ನಲ್ಲಿ ನಿಲ್ಲಿಸಿ, ತುಂಬಿದ ಕೊಡವನ್ನು ನೆರಳಿಗೆ ಸರಿಸಿ, ಬಾಯಿಗೆ ಅಡಿಕೆ ಹಾಳೆ ಮುಚ್ಚಿಟ್ಟಿದ್ದಳು.